ಎನ್ನಲಾಗಿದೆ

ಜಗದೇವಿ ಕತ್ತರಿಸಿ ತಂದ ತುಣುಕಿನಲ್ಲಿ
ಸುದ್ದಿ ಬೆರಳುದ್ದ ಇತ್ತು.
ಸ್ಟೇಷನ್ ರಸ್ತೆಯ ನಮ್ಮ ಆಫೀಸಿನ ಮೆಟ್ಟಿಲು ಹತ್ತಿ
ಕೂಲರಿನ ಗಾಳಿಗೆ ಹಾರದಂತೆ ಅದನ್ನು
ಮೇಜಿನ ಮೇಲೆ ಅಂಗೈಯಿಂದ ಒತ್ತಿ ಹಿಡಿದಳು.
ನೋಡಿ, ಮತ್ತೆ ಅದೇ.
ಹಿಡಿದರು.

ಕಪನೂರ: ಬೇಳೆ ಮಿಲ್ಲಿನಲ್ಲಿ ಕಾರ್ಮಿಕ ಸಾವು.
ನಾನೇ ಬರೆದದ್ದು.
ಶನಿವಾರ ರಾತ್ರಿ, ಪುಟ ಹೋಗಲು ಇಪ್ಪತ್ತು ನಿಮಿಷ.
ಮಾಲೀಕರು ಫೋನಿನಲ್ಲಿ ಸಿಕ್ಕರು,
ಮೃತನ ಮನೆಯವರು ಸಿಗಲಿಲ್ಲ.
(ಹುಡುಕಿರಲಿಲ್ಲ. ಸಿಗಲಿಲ್ಲ ಎಂಬುದು
ಹುಡುಕದವರಿಗೂ ಒದಗುವ ಕ್ರಿಯಾಪದ.)

ಭೀಮಶಾ ಎಂಬುದು ಭೀಮಣ್ಣ ಆಗಿತ್ತು,
ಅವರು ಬಂದದ್ದು ಅದನ್ನು ತಿದ್ದಿಸಲು,
ಪರಿಹಾರದ ಕಾಗದಕ್ಕೆ ಹೆಸರು ತಾಳೆಯಾಗಬೇಕು.
ಬರೆದುಕೊಂಡೆ. ಹೊರಡುತ್ತಾರೆ ಅಂದುಕೊಂಡೆ.
ಹೊರಡಲಿಲ್ಲ. ಮಗಳು ಓದಿ ಹೇಳಿದ್ದಳಂತೆ,
ಓದು ಬಾರದ ಬೆರಳು ಸರಿಯಾಗಿ
ಕೊನೆಯ ಸಾಲಿನ ಮೇಲೆ ನಿಂತಿತು:

"ಕುಡಿದಿದ್ದ ಎನ್ನಲಾಗಿದೆ, ಅಂತ ಅದ.
ಯಾರು ಅಂದಾರ್ರೀ?"

ಹಾಗಲ್ಲಮ್ಮ, ಅದು ಬರೆಯುವ ಪದ್ಧತಿ, ಅಂದೆ.

"ಪದ್ಧತಿ ಮಾತಾಡ್ತದೇನ್ರೀ?
ಕುಡೀತಿದ್ದ, ಸುಳ್ಳ್ಯಾಕ ಹೇಳ್ಲಿ, ಹಬ್ಬಕ್ಕ, ಬಟವಾಡಿ ದಿನ.
ಅವತ್ತ ಕುಡಿದಿದ್ದಿಲ್ಲ. ಮುಂಜಾನಿಂದ ಜ್ವರ,
ಗುಳಿಗಿ ನುಂಗಿ ಹೋಗ್ಯಾನ.
ಅಂದವರ ಹೆಸರ ಹಾಕ್ರಿ ಅಲ್ಲಿ.
ನಾ ಹೋಗಿ ಕೇಳ್ತೀನಿ."

ಯಾರೂ ನನ್ನ ಮೇಲೆ ಒತ್ತಡ ಹಾಕಿರಲಿಲ್ಲ.
ಇದನ್ನೇ ಹೇಳಬೇಕು, ಹೇಳಲು ಕಷ್ಟ.
ವಾರ್ಷಿಕ ಸಂಚಿಕೆಗೆ ಆ ಮಿಲ್ಲಿನ ಜಾಹೀರಾತು ಅರ್ಧ ಪುಟ, ನಿಜ,
ಆ ರಾತ್ರಿ ಅದು ನೆನಪಿಗೂ ಬಂದಿರಲಿಲ್ಲ.
ಸಂಪಾದಕರ ಫೋನಿಲ್ಲ, ಲಕೋಟೆ ಇಲ್ಲ,
ಒಂದು ಕಪ್ಪು ಚಹಾದ ಋಣವೂ ಇಲ್ಲ.
ಕೈ ತಾನಾಗಿ ಬರೆಯಿತು:
ಮಾಲೀಕರು ತಿಳಿಸಿದ್ದಾರೆ, ಕಾರ್ಮಿಕ ಸತ್ತಿದ್ದಾನೆ.
ಒಬ್ಬರಿಗೆ ಬಹುವಚನ, ಒಬ್ಬನಿಗೆ ಏಕವಚನ,
ಬೆಲ್ಟಿಗೆ ಗಾರ್ಡ್ ಇತ್ತೋ ಇಲ್ಲವೋ ಎಂಬುದಕ್ಕೆ
ಯಾವ ವಚನವೂ ಇಲ್ಲ.

ಆ ಸಂಜೆ ಇಪ್ಪತ್ತೆರಡು ವರ್ಷ ಹಿಂದಕ್ಕೆ ತಿರುವಿದೆ.
ಒಂದು ಓಣಿಯವರು ಕಲ್ಲೆಸೆದರೆ ಕಿಡಿಗೇಡಿಗಳು,
ಇನ್ನೊಂದು ಓಣಿಯವರು ಎಸೆದರೆ ಆಕ್ರೋಶಗೊಂಡ ಯುವಕರು.
ನನ್ನದು ಯಾವ ಓಣಿ ಎಂದು ಕೇಳಬೇಡಿ,
ಪದ ನೋಡಿದರೆ ಗೊತ್ತಾಗುತ್ತದೆ.

ಅಪ್ಪ ಗಂಜಿನಲ್ಲಿ ತೂಕ ಮಾಡುತ್ತಿದ್ದ.
(ಅಪ್ಪನಿಗೆ ಏಕವಚನ, ಅದು ಬೇರೆ.)
ತೊಗರಿ ಸುರಿಯುವ ಮೊದಲು ಖಾಲಿ ತಕ್ಕಡಿ ಎತ್ತಿ
ಕಣ್ಣು ಕಿರಿದು ಮಾಡುತ್ತಿದ್ದ.
ಹಗುರಾದ ಪರಡಿಗೆ ಒಂದು ಹರಳೋ ಹಂಚಿನ ಚೂರೋ
ಧಡೆ ಕಟ್ಟಿದ ಮೇಲೇ ಮುಂದಿನ ಮಾತು.
"ತಕ್ಕಡಿ ಕಳ್ಳ ಅಲ್ಲೋ, ಹಗ್ಗ ಜಗ್ಗಿರ್ತದ,
ದಿನಾ ನೋಡ್ಬೇಕು."
ನಾನು ಬರೀ ತೂಗುತ್ತಲೇ ಬಂದೆ.

ತಿದ್ದುಪಡಿ ಮಂಗಳವಾರ ಬಂತು, ಏಳನೇ ಪುಟ,
ಬಂಗಾರದಂಗಡಿಯ ಜಾಹೀರಾತಿನ ಕೆಳಗೆ:
ಭೀಮಣ್ಣ ಎಂಬುದನ್ನು
ಭೀಮಶಾ ಎಂದು ಓದಿಕೊಳ್ಳಬೇಕು.
ಮೂರನೇ ಸಾಲೂ ಬರೆದು ಕಳಿಸಿದ್ದೆ,
ಅವರು ಕುಡಿದಿದ್ದರೆಂದು ಹೇಳಿದ್ದು ಮಾಲೀಕರೊಬ್ಬರೇ,
ನಾವು ವಿಚಾರಿಸಿರಲಿಲ್ಲ, ಅಂತ.
ಜಾಗ ಸಾಲಲಿಲ್ಲ
ಎನ್ನಲಾಗಿದೆ.

ಬುಧವಾರ ಕಪನೂರಿಗೆ ಹೋದೆ, ನಾಲ್ಕು ದಿನ ತಡವಾಗಿ.
ಗೇಟಿನಾಚೆ ಬೆಲ್ಟಿನ ಸುತ್ತ ಹೊಸ ಜಾಳಿಗೆ,
ಹಳದಿ ಬಣ್ಣ ಇನ್ನೂ ಒಣಗಿಲ್ಲ,
ತೊಗರಿಯ ಧೂಳು ಅದಕ್ಕೇ ಮೆತ್ತಿಕೊಂಡಿತ್ತು.
ಕಾವಲಿನ ಮುದುಕರು ಸ್ಟೂಲು ಬಿಟ್ಟೆದ್ದು
"ಬರ್ರಿ ಸಾಹೇಬ್ರ, ಪೇಪರದವ್ರಾ?" ಅಂದರು.
ಡೈರಿ ತೆರೆದು, ಮೊದಲು ಅವರ ಹೆಸರು ಕೇಳಿದೆ,
ಅಕ್ಷರ ಬಿಡಿಸಿ ಹೇಳಿ ಎಂದೆ.

ಅವರು ಮತ್ತೆ ಸ್ಟೂಲಿಗೆ ಕೂತರು.
"ನನ್ ಹೆಸರ ಯಾಕ್ರೀ?
ನಾ ಏನೂ ಅಂದಿಲ್ಲ."