ತಪ್ಪಿದ ಮಿಡಿತ

ಶಾರ್ಜಾದ ಸಜ್ಜಾ, ಮಧ್ಯಾಹ್ನದ ಶೆಡ್ಡು.
ಸುತ್ತೊಂದಕ್ಕೆ ಸಾವಿರದಾರುನೂರು ಮಿಡಿತ
ಎಂದು ಬೋರ್ಡಿಗೆ ಬರೆದುಕೊಟ್ಟವನು ನಾನೇ.
ಹಸಿರು ಪರದೆಯ ಮೇಲೆ
ಅಲೆಯಲ್ಲ, ಕೋಟೆಗೋಡೆಯ ತೆನೆ:
ಏರು, ನಿಲ್ಲು, ಇಳಿ, ನಿಲ್ಲು.
ಒಂದೂ ಕುಂಟುವುದಿಲ್ಲ.

ಆದರೂ ಮಸೀದಿಯ ಜಾಲಂಧ್ರದಲ್ಲಿ ಹದಿನೇಳನೆಯ ಹೂವು
ಕೂದಲೆಳೆಯಷ್ಟು ಎಡಕ್ಕೆ.

ಬೋರ್ಡು ಕಳಿಸುತ್ತದೆ, ಅಷ್ಟೆ.
ಮುಟ್ಟಿತೇ ಎಂದು ಕೇಳಿಬರುವ ತಂತಿ
ದುಬಾರಿ, ಬೇಡವೆಂದಿದ್ದ ಅರಬಾಬ.

ಗುಲ್‌ಜಮಾನ್ ಬಂದ, ಪೇಶಾವರದ ಕಡೆಯವ.
ಪರದೆ ನೋಡಲೇ ಇಲ್ಲ.
ಮೋಟಾರಿನ ಬೆನ್ನಿಗೆ ಅಂಗೈ ಒತ್ತಿ
ಕಣ್ಣು ಮುಚ್ಚಿದ, ನಾಡಿ ಹಿಡಿದ ಪಂಡಿತನ ಹಾಗೆ.
"ಇಲ್ಲಿ, ತಿರುವಿನಲ್ಲಿ, ಉಸಿರು ಕಟ್ಟುತ್ತೆ ಇದಕ್ಕೆ.
ಓಡಿಸಬೇಡ."

ವೇಗ ಇಳಿಸಿದೆ.
ಹೂವು ಜಾಗಕ್ಕೆ ಬಂತು.

ಹಾಳಾದ ಹಲಗೆಯನ್ನು ಅವನು
ರೂಮಿಗೆ ಒಯ್ದ,
ಕಿಟಕಿಗೆ, ಬಿಸಿಲಿಗೆ ಅಡ್ಡ.