ಕೈ ಮಾತ್ರ

ನಾಯಗಾಂವಿನ ಮೂರನೇ ಶೆಡ್ಡಿನಲ್ಲಿ
ಈ ವಾರ ನನಗೆ ಕುಂಕುಮದ ತಟ್ಟೆಯ ಕೆಲಸ.
ರಾಣಿಗೆ ಶಾಪ ತಟ್ಟುವ ಗಳಿಗೆ ಅದು ಜಾರಬೇಕು.
ಮುಖ ಬೇಡ, ಮೊಣಕೈವರೆಗೆ ಬಳೆ ಹಾಕಿ ನಿಲ್ಲಿಸಿ
ಎಂದಿದ್ದಾರೆ ಪೋತ್ನಿಸ್ ಸಾಹೇಬರು.

ಮೊದಲ ಸಲ ಬೇಗ ಬಿತ್ತು.
ಎರಡನೆಯದು ಕ್ಯಾಮೆರಾ ಕಡೆ ಚೆಲ್ಲಲಿಲ್ಲ.
ಆರನೆಯದಕ್ಕೆ, 'ಬಾಯಿ, ನೀನು ಬೀಳಿಸಬೇಡ,
ಅದಾಗಿಯೇ ಬೀಳಬೇಕು' ಅಂದರು.
ಅದಾಗಿಯೇ ಬೀಳುವುದನ್ನು
ಹನ್ನೊಂದು ಸಲ ಕಲಿತೆ.
ಪ್ರತಿ ಸಲವೂ ದಗಡೂ ಪೊರಕೆ ತಂದು
ಅಪಶಕುನವನ್ನು ಮೊರಕ್ಕೆ ಬಳಿದು
ಮತ್ತೆ ತಟ್ಟೆಗೆ ಸುರಿದ.

ಅಲ್ಲಿ ಎಲ್ಲಕ್ಕೂ ಒಂದು ಗುರುತುಂಟು.
ಸುಳ್ಳಾಡಿದರೆ ದೀಪ ನಡುಗುತ್ತದೆ,
ಕಂಬದ ಹಿಂದೆ ಹೇರ್ ಡ್ರೈಯರ್ ಹಿಡಿದ ಹುಡುಗ.
ಪ್ರೀತಿಗೆ ನವಿಲು. ಅದನ್ನು ಆಮೇಲೆ ಕಂಪ್ಯೂಟರಿನವರು ತರುತ್ತಾರೆ,
ಸದ್ಯಕ್ಕೆ ಅದರ ಜಾಗದಲ್ಲೊಂದು ಹಸಿರು ಚೆಂಡು.
ರಾಣಿ ಚೆಂಡನ್ನು ನೋಡಿ ನಾಚುತ್ತಾಳೆ.
ನಿಜಕ್ಕೂ ಚೆನ್ನಾಗಿ ನಾಚುತ್ತಾಳೆ.
ಅಳುವಿಗೆ ಗ್ಲಿಸರಿನ್.
ಅತ್ತೂ ಅತ್ತೂ ಅವಳು ನದಿಯಾಗುವಾಗ
ನಾಲ್ಕು ಜನ ನೆಲಕ್ಕೆ ಅಂಟಿ ಮಲಗಿ
ನೀಲಿ ಬಟ್ಟೆ ಅಲುಗಿಸುತ್ತಾರೆ. ಒಬ್ಬನಿಗೆ ಕೆಮ್ಮು.

ಬೀರಪ್ಪ ಹೋದ ಸುದ್ದಿ ಬಂದಾಗ
ನಾನು ಅವನದೇ ಡಬ್ಬಿ ಕಟ್ಟುತ್ತಿದ್ದೆ.
ಭಾಯಂದರ್ ಆಸ್ಪತ್ರೆಯವರು ಫೋನಿನಲ್ಲಿ
ಹೆಸರು ಎರಡು ಸಲ ಕೇಳಿದರು.
ಗಾಳಿ ಬೀಸಲಿಲ್ಲ. ಕಾಗೆ ಕೂಗಲಿಲ್ಲ.
ದೇವರ ಮುಂದಿನ ದೀಪ
ಎಣ್ಣೆ ಇದ್ದಷ್ಟು ಹೊತ್ತು ಉರಿಯಿತು.
ಕೈಯಿಂದ ಏನೂ ಜಾರಲಿಲ್ಲ.
ಮುಚ್ಚಳ ಸರಿಯಾಗಿ ಕೂತು
ಟಕ್ ಎಂದಿತು.
ಅದಕ್ಕೆ ಯಾವ ಸಂಗೀತ ಹಾಕುವುದೋ
ನನಗೆ ತಿಳಿಯದು.

ಹನ್ನೆರಡನೆಯದು ಓಕೆ ಆಯಿತು.
ಬಳೆ ಎಣಿಸಿ ಕೊಟ್ಟು,
ನದಿಯನ್ನು ಮಡಚಿ ಟ್ರಂಕಿಗೆ ಹಾಕಿ,
ಉಪ್ಪಿನ ಗದ್ದೆಗಳ ಪಕ್ಕದಲ್ಲೇ ನಡೆದು
ಒಂಬತ್ತೂ ಇಪ್ಪತ್ತರ ವಿರಾರ್ ಲೋಕಲ್ ಹತ್ತಿದೆ.
ಸೋಪಿಗೂ ಬಗ್ಗದ ಕೆಂಪು, ಉಗುರಲ್ಲಿ, ಬೆರಳ ಸಂದಿಯಲ್ಲಿ.
ಎದುರಿನ ಹೆಂಗಸು ಅದನ್ನೇ ನೋಡಿ
ಪೂಜೆ ಮುಗಿಸಿ ಬಂದೆಯಾ ಎಂದು ಮರಾಠಿಯಲ್ಲಿ ಕೇಳಿದಳು.
ನಾನು ಉತ್ತರ ಹುಡುಕುವಷ್ಟರಲ್ಲಿ
ತನ್ನ ಮಲ್ಲಿಗೆಯಲ್ಲಿ ಗೇಣುದ್ದ ಕಿತ್ತು
ಹಿಡಿದೇ ಬಿಟ್ಟಳು.

ಮೂರು ವರ್ಷವಾಗಿತ್ತು.
ಹೇಳಬಹುದಿತ್ತು.
ವಸಯಿ ಬಂತು, ಜನ ನುಗ್ಗಿದರು.
ಕೈ ಮಾತ್ರ
ಮುಂದೆ ಹೋಯಿತು.