ಒತ್ತು ಎದ್ದಾಗ

ಕಾರಟಗಿ ದಾಟಿ ಬಸ್ಸಿಳಿದು
ಕಾಲುವೆ ದಂಡೆಗುಂಟ ಇಪ್ಪತ್ತು ನಿಮಿಷ ನಡೆದರೆ ನನ್ನ ಸಾಲಿ.
ಎರಡು ಕೋಣೆ, ಒಂದು ಬೇವಿನಮರ,
ಸುತ್ತ ಭತ್ತದ ಗದ್ದೆ.
ಕ್ಯಾಂಪಿನಿಂದ ಬರುವವರಿಗೆ ಮನೆಯಲ್ಲಿ ತೆಲುಗು,
ಮಸೀದಿ ಓಣಿಯವರಿಗೆ ಉರ್ದು,
ಉಳಿದವರದು ಕನ್ನಡವೇ,
ಪುಸ್ತಕ ಎಂದೂ ಕೇಳಿರದ ಕನ್ನಡ.

ಮೊದಲ ತಿಂಗಳು ಸಾಲಾಗಿ ಕೂರಿಸಿ ಒದರಿಸಿದೆ:
ಕ ಗುಡಿಸು ಕಿ. ಕ ಗುಡಿಸು ಕಿ.
ಮೌನೇಶ ಎದ್ದು ಹೋಗಿ
ಮೂಲೆಯ ಕಸಬರಿಗಿ ತಂದ.
"ಯಾಕೋ?"
"ನೀವ ಅಂದ್ರೆಲ್ಲರಿ, ಗುಡಿಸು ಅಂತ."
ನಗಬಾರದಿತ್ತು, ನಕ್ಕೆ.
ಆ ಮಾತಿನೊಳಗೆ ಒಂದು ಕಸಬರಿಗಿ ಇದ್ದದ್ದು
ಹನ್ನೊಂದು ವರ್ಷ ಕಲಿಸಿದ ನನಗೇ ಕಂಡಿರಲಿಲ್ಲ.

ಮರುದಿನ ಚೀಲ ಒಳಗೆ, ಮಕ್ಕಳು ಹೊರಗೆ.
ತಲೆಕಟ್ಟು ಅಂದರೆ ತಲೆಗೆ ಟವೆಲು.
ಇಳಿ ಅಂದರೆ ಕಟ್ಟೆಯಿಂದ ಇಳಿ,
ಕಾಲು ನೆಲ ಮುಟ್ಟುವ ತನಕ ಬಾಯಿ ತೆರೆದಿರಲಿ: ಕಾ.
ಕೊಂಬು ಅಂದರೆ ಹೋರಿ, ಬಗ್ಗಿ ಹಾಯಿ: ಕು.
ದೀರ್ಘಕ್ಕೆ ಕಬಡ್ಡಿಯ ಉಸಿರು,
ಬೇವಿನಮರ ಮುಟ್ಟುವ ಮೊದಲು ಕಡಿದರೆ ಔಟ್.
ಹೆಸರು ಮೌನೇಶ, ಗಂಟಲು ಭತ್ತದ ಗಿರಣಿ.
ಕೂ ಅಂತ ಹೊರಟವನು
ಮರ ದಾಟಿ, ಪಂಪಿನ ಕೋಣೆ ದಾಟಿ,
ಕಾಲುವೆಯಲ್ಲಿ ಬಟ್ಟೆ ಒಗೆಯುವವರು ತಲೆ ಎತ್ತುವ ತನಕ ಹೋಗಿ
ಅಲ್ಲಿ ಉಸಿರು ಇಳಿಸಿ ಬಂದ.

ಮಣ್ಣಲ್ಲಿ ಕುಂಟಾಬಿಲ್ಲೆಯ ಮನೆಗಳು, ಮನೆಗೊಂದು ಅಕ್ಷರ.
ಲ ಮನೆಯಲ್ಲಿ ನಾಲಿಗೆ ಹಲ್ಲಿನ ಹಿಂದೆ,
ಳ ಮನೆಯಲ್ಲಿ ಮಡಚಿ ಮೇಲಕ್ಕೆ.
ಮಾಬುನ್ನಿ ನಾಲ್ಕು ದಿನ ಬಾಲೆಹಣ್ಣಿನಲ್ಲೇ ಔಟಾದಳು.
ಐದನೆಯ ದಿನ ಒಂಟಿಗಾಲಲ್ಲಿ ಹಾರಿ, ಬಾಳೆ ಅಂದು,
ಬಾಯೊಳಗೆ ಬೆರಳಿಟ್ಟು
ನಾಲಿಗೆ ಎಲ್ಲಿದೆ ಅಂತ ಮುಟ್ಟಿ ನೋಡಿಕೊಂಡಳು.
ಅದೇ ದಿನ ಸಿಆರ್‌ಪಿ ಸಾಹೇಬರು ಬಂದಿದ್ದರು.
ಬೋರ್ಡು ಖಾಲಿ, ಎಂದು ಬರೆದುಕೊಂಡು ಹೋದರು.

ಒತ್ತಕ್ಷರಕ್ಕೆ ಒಬ್ಬರು ನಿಲ್ಲಬೇಕು,
ಇನ್ನೊಬ್ಬರು ಅವರ ಕಾಲಬುಡದಲ್ಲಿ ಕುಕ್ಕರಿಸಬೇಕು.
ದುರುಗವ್ವ ಗಿಡ್ಡಿ, ನಿತ್ಯ ಅವಳೇ ಕೆಳಗೆ.
ಅಕ್ಕನ ಕೆಳಗಿನ ಕ,
ರೊಟ್ಟಿಯ ಕೆಳಗಿನ ಟ,
ಹಳ್ಳದ ತಳದ ಳ.
ಗಿಡ್ಡಿ ಅಂತ ಕೂರಿಸಿದ್ದು ನಾನು,
ಬೇರೆ ಕಾರಣ ನನ್ನ ತಲೆಯಲ್ಲಿರಲಿಲ್ಲ.
ಅವಳ ತಲೆಯಲ್ಲಿ ಇತ್ತೇನೋ. ಕೇಳಿರಲಿಲ್ಲ.

ಆ ದಿನದ ಪದ, ಕತ್ತೆ.
ಮಾಬುನ್ನಿ ಕ.
ಮೌನೇಶ ತ, ತಲೆಯ ಮೇಲೆ ಕೈ ಬಾಗಿಸಿ ಏತ್ವ.
ದುರುಗವ್ವ ಕೂತಳು,
ಕೂತವಳು ಎದ್ದುಬಿಟ್ಟಳು.
"ನಾ ಒಲ್ಲೆರಿ. ದಿನಾ ನಾನ ತೆಳಗ."
ಲಂಗದ ಮಣ್ಣು ಝಾಡಿಸಿ ಬೇವಿನ ಕಟ್ಟೆಗೆ ಹೋಗಿ
ನಮಗೆ ಬೆನ್ನು ಮಾಡಿ ಕೂತಳು.

ನಾನು ಏನಾದರೂ ಅನ್ನುವ ಮೊದಲೇ
ಎದುರು ಸಾಲಿನ ಸತ್ಯವತಿ,
ಈ ತನಕ ಎರಡಕ್ಷರ ಕೂಡಿಸಿರದ ಕ್ಯಾಂಪಿನ ಹುಡುಗಿ,
ನಿಂತವರತ್ತ ಬೆರಳು ಚಾಚಿ
ಕ
ತೆ
ಅಂದಳು. ಮತ್ತೆ ಅಂದಳು.
"ಅಕ್ಕೋರ, ಕತ್ತೆ ಹೋತು! ಕತೆ ಬಂತು!"

ದುರುಗವ್ವ ತಿರುಗಿ ನೋಡಿದಳು.
ನಿಧಾನಕ್ಕೆ ಬಂದು ಕೂತಳು: ಕತ್ತೆ.
ಎದ್ದಳು: ಕತೆ.
ಕೂತರೆ ಎಲ್ಲರೂ ಕತ್ತೆಯ ಹಾಗೆ ಒದರುವುದು,
ಎದ್ದರೆ ಕತೆ ಕೇಳುವವರ ಹಾಗೆ ಗಪ್ಪು.
ಮೂವತ್ತೊಂದು ಮಕ್ಕಳ ಗಲಾಟೆಯನ್ನು
ತನ್ನ ಮೊಣಕಾಲಲ್ಲಿ ಇಟ್ಟುಕೊಂಡು
ಹುಡುಗಿ ಒಮ್ಮೆ ಅರ್ಧ ಮಾತ್ರ ಎದ್ದು
ನಮ್ಮನ್ನು ಕಾಯಿಸಿದಳು.

ಈಗ ಕೆಳಗೆ ಕೂರಲಿಕ್ಕೆ ಜಗಳ.
ಮೌನೇಶ ಎದ್ದ, ಹಳ್ಳಿ ಹೋಗಿ ಹಳಿ ಆಯಿತು,
ಅದರ ಮೇಲೆ ತಾನೇ ರೈಲಾಗಿ ಅಂಗಳ ಸುತ್ತಿದ.
ಬಳ್ಳಿ ಹೋಗಿ ಬಳಿ. ಮಾಬುನ್ನಿ ನನ್ನ ಬಳಿ ಬಂದು ನಿಂತಳು.
ಆಮೇಲೆ ಸತ್ಯವತಿ, ಅನ್ನದ ಕೆಳಗಿನಿಂದ ಎದ್ದಳು.
ಅನ, ಎಂದು ಓದಿದರು.
ಅನ ಅಂದರೆ ಏನೆಂದು ಯಾರಿಗೂ ತಿಳಿಯಲಿಲ್ಲ,
ಎಲ್ಲರೂ ನನ್ನ ಮುಖ ನೋಡಿದರು.

"ಲಗೂ ಕುಂದ್ರ," ಅಂದಳು ದುರುಗವ್ವ,
"ಬಿಸಿಯೂಟದ ಹೊತ್ತಾತು."